ಗುಳಿಗೆ ಪಾಲು ಮಾಡಿದ ವರ್ಷ

ನನ್ನ ಗಂಡನ ಮನೆಯಲ್ಲಿ ಯಾವ ವಸ್ತುವೂ ಇಡಿಯಾಗಿ ಒಬ್ಬರ ಕೈಗೆ ಬರುತ್ತಿರಲಿಲ್ಲ. ಮಾವಿನ ಹಣ್ಣು ಬಂದರೆ ಹೋಳಾಗುತ್ತಿತ್ತು, ಮಲ್ಲಿಗೆ ಬಂದರೆ ಮೊಳ ಹಾಕಿ ಹರಿಯುತ್ತಿದ್ದರು. ಸೀರೆ ತಂದರೆ ಇಬ್ಬರು ಸೊಸೆಯರಿಗೂ ಒಂದೇ ಬಣ್ಣ, ಒಂದೇ ಅಂಚು. ದಾವಣಗೆರೆಯ ಹಳೇ ಪೇಟೆಯ ಬೀದಿಯಲ್ಲಿ ನಾವಿಬ್ಬರೂ ಮದುವೆಯ ಬ್ಯಾಂಡಿನವರ ಹಾಗೆ ಒಂದೇ ವೇಷ ಹಾಕಿಕೊಂಡು ಹೋಗುತ್ತಿದ್ದೆವು. ಪಾಲು ಹಾಕುವುದರಲ್ಲಿ ನಮ್ಮ ಅತ್ತೆಯದು ಎತ್ತಿದ ಕೈ. ಅವರ ಕಾಲದಲ್ಲಿ ಸೊಸೆಯಂದಿರ ನಡುವೆ ಹೆಚ್ಚು ಕಡಿಮೆ ಮಾಡಿದ್ದಕ್ಕೇ ಮನೆ ಒಡೆದು ಎರಡಾಗಿತ್ತಂತೆ. ಮತ್ತೆ ಹಾಗಾಗಬಾರದು ಎಂದು ಅವರು ಪಣ ತೊಟ್ಟಿದ್ದರು.

ಇನ್ನೊಬ್ಬ ಸೊಸೆ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನನಗಿಂತ ಆರು ವರ್ಷ ದೊಡ್ಡವಳು. ಅವಳನ್ನು ನಾನು ಅಕ್ಕ ಅನ್ನುತ್ತಿದ್ದೆ. ಅದರಲ್ಲಿ ಪ್ರೀತಿಯೇನೂ ಇರಲಿಲ್ಲ, ವಾರಗಿತ್ತಿಯನ್ನು ಬೇರೆ ಏನೂ ಅನ್ನುವ ಹಾಗಿರಲಿಲ್ಲ, ಅಷ್ಟೇ. ಅವಳ ಕಣ್ಣು ಅಂಗಡಿಯ ತಕ್ಕಡಿಗಿಂತ ಚುರುಕು. ಒಮ್ಮೆ ನೇಕಾರನ ತಪ್ಪಿನಿಂದ ನನ್ನ ಸೀರೆಯ ಅಂಚು ಒಂದು ಬೆರಳಷ್ಟು ಅಗಲವಾಗಿತ್ತು. ಅವಳು ಎರಡು ದಿನ ಊಟ ಬಿಟ್ಟು ಮುಖ ಊದಿಸಿಕೊಂಡು ಕೂತಳು. ಹಾಗಂತ ನಾನೇನು ಸಾಚಾ ಅಲ್ಲ. ಅವಳ ತಟ್ಟೆಗೆ ತುಪ್ಪ ಬೀಳುವಾಗ ನಾನೂ ಓರೆಗಣ್ಣಿನಲ್ಲಿ ಚಮಚ ಲೆಕ್ಕ ಹಾಕುತ್ತಿದ್ದೆ. ಬಿಚ್ಚಿ ಹೇಳಬೇಕೆಂದರೆ ನಮಗೆ ಒಬ್ಬರನ್ನೊಬ್ಬರು ಕಂಡರೆ ಆಗುತ್ತಿರಲಿಲ್ಲ.

ರಾಜ್ಯ ಏಕೀಕರಣವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಅಕ್ಕನಿಗೆ ಕೆಮ್ಮು ಹತ್ತಿತು. ನಮ್ಮದು ಹತ್ತಿಯಿಂದ ಬೀಜ ಬೇರೆ ಮಾಡುವ ಜಿನ್. ಮನೆಯ ಹಿಂದೆಯೇ ಇತ್ತು. ಹತ್ತಿಯ ಧೂಳು ಹಾಲಿನ ಕೆನೆಯ ಮೇಲೂ ಕೂರುತ್ತಿದ್ದ ಮನೆಯಲ್ಲಿ ಕೆಮ್ಮಿಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡು ತಿಂಗಳು ಹಾಗೇ ಹೋಯಿತು. ಒಂದು ಬೆಳಿಗ್ಗೆ ಅವಳು ಬಚ್ಚಲಲ್ಲಿ ಬಾಯಿ ಮುಕ್ಕಳಿಸುವಾಗ ಕಲ್ಲಿನ ಮೇಲೆ ಕೆಂಪಗೆ ಬಿದ್ದದ್ದನ್ನು ನಾನೂ ನೋಡಿದೆ, ಅತ್ತೆಯೂ ನೋಡಿದರು. ಅತ್ತೆ ಅದರ ಮೇಲೆ ಎರಡು ತಂಬಿಗೆ ನೀರು ಸುರಿದರು.

ದಾವಣಗೆರೆಯಲ್ಲಿ ಡಾಕ್ಟರಿಗೇನು ಕಡಿಮೆಯಿರಲಿಲ್ಲ. ಆದರೆ ಅಲ್ಲಿ ನಮ್ಮ ಮನೆಯವರನ್ನು ಗುರುತಿಸದ ಜನ ಕಡಿಮೆ. ನನ್ನ ನಾದಿನಿಗೆ, ಅಂದರೆ ಅತ್ತೆಯ ಕೊನೇ ಮಗಳಿಗೆ, ಗಂಡು ನೋಡುತ್ತಿದ್ದರು. ಕ್ಷಯ ಇರುವ ಮನೆಯ ಹೆಣ್ಣನ್ನು ಆಗ ಯಾರೂ ತರುತ್ತಿರಲಿಲ್ಲ. ಹಾಗಾಗಿ ಹರಿಹರದ ಒಬ್ಬ ಡಾಕ್ಟರನ್ನು ಹುಡುಕಿದರು. ನನ್ನ ತವರು ಭಾನುವಳ್ಳಿ. ಹರಿಹರದಲ್ಲಿ ಇಳಿದೇ ಅಲ್ಲಿಗೆ ಬಸ್ಸು ಹಿಡಿಯಬೇಕು. ಸಣ್ಣ ಸೊಸೆ ತವರಿಗೆ ಹೊರಟಿದ್ದಾಳೆ, ದೊಡ್ಡವಳು ಜೊತೆಗೆ ಹೋಗುತ್ತಿದ್ದಾಳೆ ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಮೊದಲ ಸಲ ಮಾತ್ರ ಭಾವನವರು ಜೊತೆಗೆ ಬಂದು ಎಕ್ಸ್‌ರೇ ತೆಗೆಸಿದರು. ಆಮೇಲೆ ಹದಿನೈದು ದಿನಕ್ಕೊಮ್ಮೆ ನಾವಿಬ್ಬರೇ ಹೋಗಿ ಬರುತ್ತಿದ್ದೆವು.

ಎಕ್ಸ್‌ರೇಯಲ್ಲಿ ಅಕ್ಕನ ಎಡ ಪುಪ್ಪುಸದಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ತೂತು ಕಂಡಿತಂತೆ. ಡಾಕ್ಟರು ಮೂರು ಔಷಧ ಹೇಳಿದರು. ಎರಡು ತಿಂಗಳು ದಿನಾ ಇಂಜೆಕ್ಷನ್. ಅದರ ಜೊತೆಗೆ ದಿನಕ್ಕೆ ಮೂರು ಬಿಳೀ ಗುಳಿಗೆ, ಮತ್ತೊಂದು ಪುಡಿ. ಗುಳಿಗೆ, ಪುಡಿ ಒಂದೂವರೆ ವರ್ಷ ನಿಲ್ಲಿಸುವಂತಿಲ್ಲ. ಇಂಜೆಕ್ಷನ್ನಿಗೆ ಅತ್ತೆ ಒಪ್ಪಲಿಲ್ಲ. ದಿನಾ ಕಂಪೌಂಡರು ಮನೆಗೆ ಬಂದರೆ ಬೀದಿಯವರ ಬಾಯಿ ಹೇಗೆ ಮುಚ್ಚಿಸುತ್ತೀರಿ ಎಂದರು. ಹೀಗೆ ಮೂರರಲ್ಲಿ ಒಂದು ಔಷಧ ಮೊದಲ ದಿನವೇ ಹೋಯಿತು. ಆ ಪುಡಿಯೋ, ಬಾಯಿಗೆ ಹಾಕಿದರೆ ಹಿಂದಿನ ದಿನದ ಊಟವೂ ಹೊರಗೆ ಬರುವಂಥದ್ದು. ಅಕ್ಕ ಒಂದು ವಾರ ನುಂಗಿ, ಆಮೇಲೆ ಅದನ್ನು ಬಚ್ಚಲಿಗೆ ಸುರಿಯತೊಡಗಿದಳು. ಉಳಿದದ್ದು ಮೂರು ಗುಳಿಗೆ.

ನಾಲ್ಕು ತಿಂಗಳಾದ ಮೇಲೆ ನನಗೂ ಸಂಜೆ ಹೊತ್ತು ಮೈ ಬಿಸಿಯಾಗತೊಡಗಿತು. ಕೆಮ್ಮು ಬಂತು. ರವಿಕೆ ಸಡಿಲವಾಯಿತು. ಏನೆಂದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಅವರು ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು.

"ದೊಡ್ಡಾಕಿದು ಹೆಂಗೋ ಮುಚ್ಚಿಟ್ಟೀವಿ. ಇಬ್ಬರಿಗೂ ಐತೆ ಅಂತ ಗೊತ್ತಾದ್ರ ನನ್ನ ಮಗಳನ್ನ ಯಾರು ಮಾಡಿಕೊಂತಾರ? ನೀನು ಡಾಕ್ಟ್ರ ಮುಂದ ಹೋಗೋದು ಬ್ಯಾಡ. ನಿನ್ನ ಹೆಸರು ಅವರ ಪುಸ್ತಕದಾಗ ಬರೋದು ಬ್ಯಾಡ. ರೋಗ ಅದೇ, ಔಷಧಾನೂ ಅದೇ. ಇಬ್ಬರೂ ಪಾಲು ಮಾಡಿಕೊಳ್ರಿ."

ಅಕ್ಕ ಜಗಳ ತೆಗೆಯುತ್ತಾಳೆ ಎಂದುಕೊಂಡೆ. ಅವಳು ಎದ್ದು ಹೋಗಿ ಗುಳಿಗೆಯ ಪೊಟ್ಟಣ ತಂದು ಮಣೆಯ ಮೇಲೆ ಬಿಚ್ಚಿದಳು.

"ಮೂರು ಅದಾವು. ಒಂದೊಂದು ಹೋದ್ರ ಒಂದು ಉಳೀತೈತೆ. ಅಡಕೊತ್ತು ತಗಂಡು ಬಾ. ಕತ್ತರಿಸಾಕಿ ನೀನು, ಆರಿಸಾಕಿ ನಾನು."

ಆ ಮನೆಯಲ್ಲಿ ಅದೇ ಕಾನೂನು. ಕತ್ತರಿಸಿದವರು ಆರಿಸುವಂತಿಲ್ಲ. ಮರುದಿನ ಅವಳು ಕತ್ತರಿಸಿದರೆ ನಾನು ಆರಿಸುತ್ತಿದ್ದೆ. ಅಡಿಕೆ ಹೋಳು ಮಾಡುವ ಅಡಕೊತ್ತಿನಲ್ಲಿ ಗುಳಿಗೆ ಸರಿಯಾಗಿ ಎರಡಾಗುವುದು ಅಪರೂಪ. ಮಣೆಯ ಮೇಲೆ ಉದುರಿದ ಪುಡಿಯನ್ನು ಒದ್ದೆ ಬೆರಳಿನಿಂದ ಒತ್ತಿ ನೆಕ್ಕುವ ಹಕ್ಕು ಸಣ್ಣ ತುಂಡು ಸಿಕ್ಕವಳದು. ದಿನಾ ಬೆಳಿಗ್ಗೆ ಗಿರಣಿಯ ಸೈರನ್ ಕೂಗುವ ಹೊತ್ತಿಗೆ ನಾವಿಬ್ಬರೂ ಎದುರುಬದುರು ಕೂತು, ಒಂದೂವರೆ ಒಂದೂವರೆ ಗುಳಿಗೆಯನ್ನು ಒಟ್ಟಿಗೇ ಬಾಯಿಗೆ ಹಾಕಿ, ಒಟ್ಟಿಗೇ ನೀರು ಕುಡಿಯುತ್ತಿದ್ದೆವು. ಅಷ್ಟು ನ್ಯಾಯವಾಗಿ ನಡೆದ ಕೆಲಸ ನನ್ನ ಬಾಳಿನಲ್ಲಿ ಮತ್ತೊಂದಿಲ್ಲ.

ಗುಣವೂ ಆಯಿತು. ಅದನ್ನು ಹೇಳಲೇಬೇಕು. ಮೂರು ವಾರಕ್ಕೆ ನನ್ನ ಜ್ವರ ಇಳಿಯಿತು. ಅಕ್ಕನ ಕೆಮ್ಮು ನಿಂತು ಕೆನ್ನೆ ತುಂಬಿಕೊಂಡಿತು. ತಾವೇ ಕೈಯಾರೆ ಔಷಧ ಅರೆದು ಕೊಟ್ಟವರ ಹಾಗೆ ಅತ್ತೆ ಬೀಗಿದರು. ನಮ್ಮ ನಡುವೆಯೂ ಏನೋ ಸ್ವಲ್ಪ ಸಡಿಲವಾಯಿತು. ಹರಿಹರದ ಬಸ್ಸಿನಲ್ಲಿ ಅವಳು ಮಂಡಕ್ಕಿಯ ಪೊಟ್ಟಣ ಬಿಚ್ಚಿ, ಅಳತೆ ಮಾಡದೆ ನನ್ನ ಸೆರಗಿಗೆ ಸುರಿಯುವಷ್ಟು. ಡಾಕ್ಟರ ಮನೆಯ ಮುಂಭಾಗದ ಕೋಣೆಯೇ ದವಾಖಾನೆ. ಅವಳು ಪರದೆಯ ಒಳಗೆ ಹೋದರೆ ನಾನು ಹೊರಗಿನ ಬೆಂಚಿನ ಮೇಲೆ ಕೂರುತ್ತಿದ್ದೆ. ಒಂದು ಸಲ ನಾನು ಕೆಮ್ಮುವಾಗ ಡಾಕ್ಟರು ಪರದೆ ಸರಿಸಿ ಹೊರಗೆ ಇಣುಕಿದರು.

"ನಿಮ್ಮನ್ನೂ ಒಂದ್ಸಲ ನೋಡ್ಲೇನಮ್ಮ?"

"ಏನಿಲ್ಲ ಬಿಡ್ರಿ. ಧೂಳು. ನಮ್ದು ಹತ್ತಿ ಜಿನ್ ಐತೆ."

ಅವರು ಒಂದು ಗಳಿಗೆ ನಿಂತು ನೋಡಿ ಒಳಗೆ ಹೋದರು. ನಾನೂ ಎದ್ದು ಅವರ ಹಿಂದೆ ಹೋಗಬಹುದಿತ್ತು. ಬೆಂಚಿಗೂ ಪರದೆಗೂ ನಾಲ್ಕು ಹೆಜ್ಜೆ. ಹೋಗಲಿಲ್ಲ.

ಪಾಲು ಶುರುವಾಗಿ ಎಂಟು ತಿಂಗಳಾಗುವಷ್ಟರಲ್ಲಿ ಅಕ್ಕನಿಗೆ ಜ್ವರ ಮರಳಿತು. ಈ ಸಲದ ಜ್ವರ ಬೇರೆ ಥರ ಇತ್ತು. ಕಾವು ಇಳಿಯುತ್ತಲೇ ಇರಲಿಲ್ಲ. ತುಂಬಿದ ಕೆನ್ನೆ ಹದಿನೈದು ದಿನದಲ್ಲಿ ಬತ್ತಿಹೋಯಿತು. ಗುಳಿಗೆ ಸರಿಯಾಗಿ ತಗೊಳ್ತೀರಾ ಎಂದು ಡಾಕ್ಟರು ಮೂರು ಸಲ ಕೇಳಿದರಂತೆ. ಮೂರು ಸಲವೂ ಇವಳು ಹೂಂ ಅಂದಳಂತೆ. ಅವರು ಅವಳ ಕಫವನ್ನು ಸೀಸೆಯಲ್ಲಿ ಹಾಕಿ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಆ ರೋಗಾಣುವನ್ನು ಬೆಳೆಸಿ, ಯಾವ ಔಷಧಕ್ಕೆ ಸಾಯುತ್ತದೆ, ಯಾವುದಕ್ಕೆ ಇಲ್ಲ ಎಂದು ನೋಡುವ ವ್ಯವಸ್ಥೆ ಆಗ ಹೊಸದಾಗಿ ಬಂದಿತ್ತು. ಕ್ಷಯದ ಅಣು ಬಹಳ ನಿಧಾನವಾಗಿ ಬೆಳೆಯುವಂಥದ್ದು. ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳೂ ನಾವು ಗುಳಿಗೆಯನ್ನು ಮೊದಲಿನ ಹಾಗೇ ಕತ್ತರಿಸಿ ತಿಂದೆವು.

ಉತ್ತರ ಬಂದ ದಿನ ಅಕ್ಕ ಪರದೆಯ ಒಳಗಿನಿಂದ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಆಮೇಲೆ ಬಸ್ಸು ಹತ್ತಿದೆವು. ಹರಿಹರ ದಾಟಿದ ಮೇಲೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಆ ಗುಳಿಗೆ ಇನ್ನ ನನಗ ಹತ್ತಂಗಿಲ್ಲಂತೆ. ನನ್ನೊಳಗಿರೋ ಹುಳ ಅದಕ್ಕ ಒಗ್ಗಿಕೊಂಡಾವಂತೆ."

ಡಾಕ್ಟರು ಅವಳಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ್ದರು. ಹೊಲದಲ್ಲಿ ಕಳೆ ತೆಗೆಯುವಾಗ ಸುಲಭಕ್ಕೆ ಬರುವುದನ್ನಷ್ಟೇ ಕಿತ್ತು, ಗಟ್ಟಿ ಬೇರಿನದನ್ನು ಬಿಟ್ಟರೆ ಆಮೇಲೆ ಹೊಲದ ತುಂಬ ಗಟ್ಟಿ ಬೇರಿನದೇ ಹಬ್ಬುತ್ತದೆ. ಪುಪ್ಪುಸದ ತೂತಿನಲ್ಲಿ ಕೋಟಿಗಟ್ಟಲೆ ಅಣುಗಳಿದ್ದವು. ಅರೆಹೊಟ್ಟೆ ಔಷಧಕ್ಕೆ ಮೆತ್ತಗಿನವು ಸತ್ತು, ಗಟ್ಟಿಯಾದವು ಉಳಿದು, ಅವೇ ಬೆಳೆದಿದ್ದವು. ನಮಗೆ ಗುಣವಾಯಿತು ಎಂದು ಅತ್ತೆ ಬೀಗಿದ್ದು ಮೆತ್ತಗಿನವು ಸತ್ತ ಕಾಲದಲ್ಲಿ.

ಈಗ ಪತ್ರಿಕೆಯಲ್ಲಿ ವಾರಕ್ಕೊಮ್ಮೆಯಾದರೂ ಈ ವಿಷಯ ಬರುತ್ತದೆ. ಔಷಧಕ್ಕೆ ಜಗ್ಗದ ರೋಗಾಣುಗಳು, ಅವುಗಳ ಮೇಲೆ ಎಲ್ಲೆಲ್ಲೋ ನಡೆಯುತ್ತಿರುವ ಸಂಶೋಧನೆ, ಕೊಟ್ಟ ಔಷಧವನ್ನು ಅರ್ಧಕ್ಕೆ ಬಿಡಬೇಡಿ ಎಂಬ ಬುದ್ಧಿಮಾತು. ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದುತ್ತೇನೆ. ಆ ದೊಡ್ಡ ದೊಡ್ಡ ಪ್ರಯೋಗಾಲಯದವರು ಈಗ ತಲೆ ಕೆರೆದುಕೊಳ್ಳುತ್ತಿರುವುದನ್ನು ನಾವು ಹಳೇ ಪೇಟೆಯ ಅಡುಗೆಮನೆಯಲ್ಲಿ, ಅಡಕೊತ್ತು ಮುಂದಿಟ್ಟುಕೊಂಡು ಮಾಡಿ ಮುಗಿಸಿದ್ದೆವು. ಓದುವಾಗ ದುಃಖ ಬರುತ್ತದೆಯೇ ಎಂದು ಮೊಮ್ಮಗಳು ಕೇಳಿದಳು. ಬರುವುದಿಲ್ಲ. ಆಗಲೂ ಬರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತರೆ ಚಿವುಟಿದರೂ ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು.

ಮರುದಿನ ಮಧ್ಯಾಹ್ನ ಮಾಳಿಗೆಯ ಮೇಲೆ ಒಣಗಿದ ಬಟ್ಟೆ ಮಡಚುತ್ತಿದ್ದೆವು. ಕೆಳಗೆ ಜಿನ್ನಿನ ಸದ್ದಿತ್ತು. ನಾದಿನಿಯ ಮದುವೆ ಗೊತ್ತಾಗಿ, ಇನ್ನೊಂದು ತಿಂಗಳಿತ್ತು. ಅಕ್ಕ ನಾಲ್ಕು ಬಟ್ಟೆ ಮಡಚುವಷ್ಟರಲ್ಲಿ ಉಸಿರು ಸಾಲದೆ ಗೋಡೆಗೆ ಒರಗಿ ಕೂತಳು.

"ನಿನಗೊಂದು ಹೇಳಬೇಕು," ಅಂದಳು. "ಪಾಲು ಮಾಡಾಕ ಹತ್ತಿದ ಮೊದಲನೇ ತಿಂಗಳಾಗೇ ನಾನು ಡಾಕ್ಟ್ರನ್ನ ಕೇಳಿದ್ದೆ. ಅರ್ಧ ತಗಂಡ್ರ ನಡಿತೈತಾ ಅಂತ. ಕಹಿ ಆಗ್ತೈತೆ, ಅದಕ್ಕ ಕೇಳ್ತಾಳ ಅಂತ ತಿಳಕಂಡ್ರು. ಬೈದ್ರು. ಅರ್ಧ ತಗಳ್ಳೋದು ತಗಳ್ಳದೇ ಇರೋದಕ್ಕಿಂತ ಕೆಡಕು, ತಗಂಡ್ರ ಪೂರಾ ತಗಬೇಕು ಅಂದ್ರು."

ನನ್ನ ಕೈಯಲ್ಲಿ ಮಾವನವರ ಧೋತರ ಇತ್ತು. ಅದನ್ನು ಮಡಚಿ ಮುಗಿಸಿದೆ.

"ಮತ್ತ ಯಾಕ ಹೇಳ್ಲಿಲ್ಲ ಅಕ್ಕ?"

"ಹೇಳಿ? ಒಬ್ಬಾಕಿ ಪೂರಾ ತಗಬೇಕು ಅಂದ್ರ ಯಾರು ತಗಬೇಕು? ಚೀಟಿ ನಂದು. ನಾನೇ ತಗಬೇಕಿತ್ತು. ನೀನು ಎದುರಿಗೆ ಕುಂತು ನೋಡಬೇಕಿತ್ತು. ಸೀರಿ ಅಂಚಿಗೆ ಎರಡು ದಿನ ಉಪಾಸ ಬಿದ್ದಾಕಿ ನಾನು. ಎದುರಿಗೆ ಕುಂತು ನೋಡೋದು ಹೆಂಗಿರ್ತೈತೆ ಅಂತ ನನಗ ಗೊತ್ತೈತೆ. ನುಂಗಾಕ ಆಗ್ತಿರಲಿಲ್ಲ."

ಸಿಟ್ಟು ಬರಲಿ ಎಂದು ಕಾದೆ, ಬರಲಿಲ್ಲ. ಅವಳನ್ನು ಅಪ್ಪಿಕೊಳ್ಳಬೇಕು ಅನ್ನಿಸಲಿ ಎಂದು ಕಾದೆ, ಅದೂ ಅನ್ನಿಸಲಿಲ್ಲ. ನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತು ಈ ಹೆಂಗಸಿನ ಚಮಚ ಎಣಿಸುವುದನ್ನು ಬಿಟ್ಟು ನಾನು ಅವಳ ಬಗ್ಗೆ ಏನೂ ತಿಳಿದುಕೊಂಡಿರಲಿಲ್ಲ. ಅದೊಂದು ಮಾತ್ರ ಸ್ಪಷ್ಟವಾಗಿ ತಲೆಗೆ ಬಂತು.

"ನಿಂದು ಇನ್ನೂ ಕೆಟ್ಟಿರಲಿಕ್ಕಿಲ್ಲ," ಅಂದಳು ಅಕ್ಕ. "ನನ್ನಷ್ಟು ಬಲಿತಿಲ್ಲ ನಿಂದು. ನಾಳೆ ನೀನೊಬ್ಬಾಕಿನೇ ಹೋಗು. ಪರದಿ ಒಳಗ ಹೋಗಿ ಎಲ್ಲಾ ಹೇಳು. ಅತ್ತಿ ಕೇಳಿದ್ರ ತವರಿಗೆ ಹೋಗ್ಯಾಳ ಅಂತೀನಿ."

ಹೋದೆ. ಮೊದಲ ಬಾರಿಗೆ ಆ ಪರದೆ ಸರಿಸಿ ಒಳಗೆ ಕಾಲಿಟ್ಟೆ. ಡಾಕ್ಟರ ಎದುರು ನಿಂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅಡುಗೆಮನೆ, ಅಡಕೊತ್ತು, ಬಚ್ಚಲಿಗೆ ಸುರಿದ ಪುಡಿ, ನಾದಿನಿಯ ಮದುವೆ, ಪುಸ್ತಕದಲ್ಲಿ ನನ್ನ ಹೆಸರು ಬರಬಾರದು ಎಂದು ಅತ್ತೆ ಹೇಳಿದ್ದು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ಎದ್ದು ಹಿಂದಿದ್ದ ಮರದ ಕಪಾಟಿನ ಬಾಗಿಲು ತೆಗೆದರು. ಮೇಲಿನಿಂದ ಕೆಳಗಿನವರೆಗೆ ತಗಡಿನ ಡಬ್ಬಿಗಳಿದ್ದವು. ಒಂದನ್ನು ಇಳಿಸಿ ಮೇಜಿನ ಮೇಲೆ ಬೋರಲು ಹಾಕಿದರು. ಅದೇ ಬಿಳೀ ಗುಳಿಗೆ, ರಾಗಿ ಸುರಿದಂತೆ ಸುರಿದವು.

"ನನ್ನ ಹತ್ರ ನಿಮ್ಮಕ್ಕನಿಗೆ ಆಗೋಷ್ಟೇ ಗುಳಿಗೆ ಇದೆ ಅಂತ ಯಾರಮ್ಮ ಹೇಳಿದ್ದು ನಿಮಗೆ?" ಎಂದು ಕೇಳಿದರು. "ಅವತ್ತು ಆ ಬೆಂಚಿನಿಂದ ಎದ್ದು ಒಳಗೆ ಬಂದಿದ್ರೆ ನಿಮಗೂ ಅಷ್ಟೇ ಕೊಡ್ತಿದ್ದೆ. ಹೆಸರು ಬೇಡ ಅಂದಿದ್ರೆ ಹೆಸರಿಲ್ಲದೇ ಕೊಡ್ತಿದ್ದೆ. ಈ ಪುಸ್ತಕದಲ್ಲಿ ಯಾರ ಹೆಸರು ನಿಜ ಇದೆ? ನಿಮ್ಮಕ್ಕನ ಹೆಸರೇ ಬೇರೆ ಬರೆಸಿದ್ದಾರೆ."

ಪುಸ್ತಕ ತಿರುಗಿಸಿ ತೋರಿಸಿದರು. ಅಕ್ಕನ ಎಕ್ಸ್‌ರೇ ನಂಬರಿನ ಎದುರು ನಾನು ಎಂದೂ ಕೇಳಿರದ ಹೆಂಗಸೊಬ್ಬಳ ಹೆಸರಿತ್ತು. ಭಾವನವರು ಮೊದಲ ದಿನವೇ ಬರೆಸಿ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನನ್ನ ಎಕ್ಸ್‌ರೇಯಲ್ಲಿ ತೂತು ಇರಲಿಲ್ಲ, ಒಂದು ಮಸುಕು ಅಷ್ಟೇ. ಬೆಂಗಳೂರಿಗೆ ಹೋದ ನನ್ನ ಕಫಕ್ಕೆ ಆಮೇಲೆ ಉತ್ತರ ಬಂತು. ನನ್ನೊಳಗಿನವು ಇನ್ನೂ ಗುಳಿಗೆಗೆ ಸಾಯುತ್ತಿದ್ದವು. ನಾನು ಇಂಜೆಕ್ಷನ್ ತಗೊಂಡೆ, ಪುಡಿಯನ್ನು ಮೂಗು ಮುಚ್ಚಿಕೊಂಡು ನುಂಗಿದೆ, ದಿನಕ್ಕೆ ಮೂರು ಗುಳಿಗೆ ಒಂದೂವರೆ ವರ್ಷ ತಿಂದೆ. ಪೂರಾ ಗುಳಿಗೆಗೆ ಪಾದ ಜೋಮು ಹಿಡಿಯುತ್ತಿತ್ತು. ನೆಲ ತಣ್ಣಗಿದೆಯೋ ಬಿಸಿಯಿದೆಯೋ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಅದಕ್ಕೊಂದು ಬೇರೆ ಗುಳಿಗೆ ಕೊಟ್ಟ ಮೇಲೆ ಸರಿಹೋಯಿತು. ಅಕ್ಕನಿಗೂ ಇಂಜೆಕ್ಷನ್ ಶುರುವಾಯಿತು. ಅತ್ತೆ ಈ ಸಲ ತಡೆಯಲಿಲ್ಲ, ಕಂಪೌಂಡರು ಮನೆಗೇ ಬಂದರು. ಮೈಯಲ್ಲಿ ರಕ್ತ ಕಡಿಮೆ, ನಿಶ್ಶಕ್ತಿಗೆ ಎಂದರೆ ಬೀದಿಯವರು ನಂಬಿದರು. ಅಷ್ಟು ಸುಲಭಕ್ಕೆ ನಂಬುತ್ತಾರೆ ಎಂದು ಮೊದಲೇ ಗೊತ್ತಿರಲಿಲ್ಲ. ಇಂಜೆಕ್ಷನ್ನಿಗೆ ಅವಳ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಶುರುವಾಯಿತು, ನಡೆದರೆ ಓಲಾಡುತ್ತಿದ್ದಳು, ಜ್ವರ ಮಾತ್ರ ಇಳಿಯಲಿಲ್ಲ. ನಾದಿನಿಯ ಮದುವೆ ಗೊತ್ತಾದ ದಿನಕ್ಕೆ ಗೊತ್ತಾದ ಹಾಗೇ ಆಯಿತು.

ಮೊದಲ ಸಲ ಪರದೆಯ ಒಳಗೆ ಹೋದ ಆ ದಿನ ನಾನು ಹರಿಹರದಿಂದ ಮರಳಿದಾಗ ಅಕ್ಕ ಹಿತ್ತಲ ಬಾಗಿಲಲ್ಲೇ ಕೂತು ನನ್ನನ್ನು ಕಾಯುತ್ತಿದ್ದಳು. ಪಕ್ಕದಲ್ಲಿ ಜಾಗ ಮಾಡಿಕೊಟ್ಟು ನನ್ನ ಸೆರಗಿನ ಗಂಟನ್ನು ಮುಟ್ಟಿ ನೋಡಿದಳು.

"ಎಷ್ಟು ಕೊಟ್ರು?"

"ದಿನಕ್ಕ ಮೂರು. ನಿನ್ನಷ್ಟೇ."

ಅವಳು ಗಂಟನ್ನು ಬಿಚ್ಚಿ ಎಣಿಸಲಿಲ್ಲ.

"ಮೊದಲೇ ಕೇಳಿದ್ರೂ ಕೊಡ್ತಿದ್ರೇನು?"

ಅವಳ ಮುಖ ನೋಡಿದೆ. ಕಣ್ಣಿನ ಕೆಳಗೆ ಕಪ್ಪಾಗಿತ್ತು, ಆದರೆ ಆ ತಕ್ಕಡಿಯ ಚುರುಕು ಇನ್ನೂ ಇತ್ತು. ನಾನು ಸುಳ್ಳು ಹೇಳಿದರೆ ಅವಳು ಹಿಡಿಯದೆ ಬಿಟ್ಟದ್ದೇ ಇಲ್ಲ.

"ಇಲ್ಲ ಅಕ್ಕ. ಆಗ ಇರ್ಲಿಲ್ಲಂತೆ. ಒಬ್ಬರಿಗೆ ಆಗೋಷ್ಟೇ ಬರ್ತಿತ್ತಂತೆ. ಈಗ ಈ ತಿಂಗಳು ಬಂದಾವಂತೆ."

ಅವಳು ನನ್ನನ್ನೇ ನೋಡಿದಳು.

"ಹಂಗಾದ್ರ ಸರಿ," ಅಂದಳು.

ಆಮೇಲೆ ಏಳಲು ನನ್ನ ಭುಜ ಹಿಡಿದುಕೊಂಡಳು, ಇಬ್ಬರೂ ಒಳಗೆ ಹೋದೆವು. ಬೇಸಿಗೆ ಮುಗಿಯುವ ಮೊದಲೇ ಅವಳು ತೀರಿಕೊಂಡಳು. ನನ್ನ ಮಾತನ್ನು ನಂಬಿದಳೋ, ನಂಬಿದಂತೆ ಮಾಡಿದಳೋ, ಅದನ್ನು ನಾನು ಕೇಳಲಿಲ್ಲ.